ಪೀಣ್ಯದಿಂದ ಹತ್ತರಗಿಗೆ: ಯಂತ್ರ ಮಾರುವವರ ಹೆದ್ದಾರಿ

ಕಾರ್ಖಾನೆಯ ಸರಕನ್ನು ಕೊಳ್ಳುವವರು ಬಹುಮಟ್ಟಿಗೆ ಇನ್ನೊಂದು ಕಾರ್ಖಾನೆಯವರು. ಕೊಂಡ ಸಾಬೂನು ಹಿಡಿಸದಿದ್ದರೆ ಮುಂದಿನ ತಿಂಗಳು ಬೇರೆಯದನ್ನು ತಂದುಕೊಂಡರೆ ಮುಗಿಯಿತು. ಲೇತನ್ನೋ ವಾಲ್ವನ್ನೋ ಎರಕದ ಭಾಗವನ್ನೋ ತಪ್ಪಾಗಿ ಆರಿಸಿದರೆ ಇಡೀ ಲೈನ್ ನಿಲ್ಲುತ್ತದೆ, ಸರಕಿಗೆ ಕಾದಿರುವ ಪಾರ್ಟಿಯ ಕೆಲಸವೂ ನಿಲ್ಲುತ್ತದೆ, ಆರಿಸಿದ ಅಧಿಕಾರಿ ಮೇಲಿನವರಿಗೆ ಉತ್ತರ ಹೇಳಬೇಕಾಗುತ್ತದೆ. ಹೀಗಾಗಿ ಕೈಗಾರಿಕಾ ಸರಕಿನ ಮಾರಾಟದಲ್ಲಿ ಆಸೆ ಹುಟ್ಟಿಸುವುದಕ್ಕಿಂತ ಅಂಜಿಕೆ ಕಳೆಯುವುದೇ ದೊಡ್ಡ ಕೆಲಸ. ಕೆಟ್ಟರೆ ಯಾರು ಬರುತ್ತಾರೆ, ಎಷ್ಟು ಹೊತ್ತಿಗೆ ಬರುತ್ತಾರೆ ಎಂಬ ಪ್ರಶ್ನೆಗೆ ಒಪ್ಪುವಂಥ ಉತ್ತರ ಕೊಟ್ಟವರು ಪೈಪೋಟಿಯಲ್ಲಿ ಉಳಿಯುತ್ತಾರೆ.

ಈ ಉತ್ತರ ಎಲ್ಲ ಸರಕಿಗೂ ಒಂದೇ ಅಲ್ಲ. ಬೆಂಗಳೂರಿನಿಂದ ತುಮಕೂರು, ಚಿತ್ರದುರ್ಗ, ಹರಿಹರ, ಹುಬ್ಬಳ್ಳಿ, ಬೆಳಗಾವಿಗಳನ್ನು ಪೋಣಿಸಿಕೊಂಡು ಮಹಾರಾಷ್ಟ್ರದ ಗಡಿಯತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 48ರ ಉದ್ದಕ್ಕೂ ಈ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಹಳಬರ ಬಾಯಲ್ಲಿ ಈ ಹೆದ್ದಾರಿ ಇನ್ನೂ ಎನ್‌ಎಚ್ 4. ಸುಮಾರು 500 ಕಿ.ಮೀ. ದಾರಿಯಲ್ಲಿ ಒಂದೊಂದು ಊರು ಒಂದೊಂದು ಸರಕು ಹಿಡಿದಿದೆ. ಮಾರುವ ಬಗೆಯೂ ಸರಕಿನ ಜೊತೆಗೆ ಬದಲಾಗುತ್ತ ಹೋಗುತ್ತದೆ.

ಪೀಣ್ಯ: ಗಂಟೆಯ ರೇಟು

ಹಸಿರು ಮಾರ್ಗದ ಮೆಟ್ರೊದಲ್ಲಿ ಗೊರಗುಂಟೆಪಾಳ್ಯ ದಾಟಿದರೆ ಕಿಟಕಿಯ ಕೆಳಗೆ ಶೀಟ್ ಹೊದಿಸಿದ ಶೆಡ್‌ಗಳು ಒಂದಕ್ಕೊಂದು ಅಂಟಿಕೊಂಡು ಕಾಣುತ್ತವೆ. ಕೆಳಗಿಳಿದು ಅಡ್ಡರಸ್ತೆಗೆ ಹೊಕ್ಕರೆ ಬೋರ್ಡುಗಳೇ ಊರಿನ ಪರಿಚಯ ಹೇಳುತ್ತವೆ: ಸಿಎನ್‌ಸಿ ಟರ್ನಿಂಗ್, ವೈರ್ ಕಟ್, ಗ್ರೈಂಡಿಂಗ್, ಹೀಟ್ ಟ್ರೀಟ್‌ಮೆಂಟ್, ಝಿಂಕ್ ಪ್ಲೇಟಿಂಗ್. ಪಕ್ಕದ ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಬಂದವು. 1970ರ ದಶಕದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆಯತೊಡಗಿದಾಗ ಸಣ್ಣ ಶೆಡ್‌ಗಳಿಗೆ ಇಂಥ ದೊಡ್ಡ ಕಾರ್ಖಾನೆಗಳ ಬಿಡಿಭಾಗದ ಕೆಲಸವೇ ಆಧಾರವಾಗಿತ್ತು. 1978ರಲ್ಲಿ ಪೀಣ್ಯ ಕೈಗಾರಿಕಾ ಸಂಘ ಹುಟ್ಟಿತು.

ಇಲ್ಲಿ ಬಹುಪಾಲು ಮಾರಾಟವಾಗುವುದು ಜಾಬ್ ವರ್ಕ್. ಡ್ರಾಯಿಂಗ್ ಪಾರ್ಟಿಯದು, ಕಚ್ಚಾ ಮಾಲೂ ಎಷ್ಟೋ ಸಲ ಪಾರ್ಟಿಯದೇ. ಶೆಡ್‌ನವರು ಮಾರುವುದು ಯಂತ್ರದ ಗಂಟೆಯನ್ನು. ಆರ್ಡರ್ ಬರುವುದು ಬಾಯಿಮಾತಿನಿಂದ. ಪ್ಲೇಟಿಂಗ್‌ನವರು ಗ್ರೈಂಡಿಂಗ್‌ನವರ ಹೆಸರು ಹೇಳುತ್ತಾರೆ, ಗ್ರೈಂಡಿಂಗ್‌ನವರು ಹೀಟ್ ಟ್ರೀಟ್‌ಮೆಂಟ್‌ನವರ ಕಡೆ ಕೈ ತೋರಿಸುತ್ತಾರೆ. ಶಿಫಾರಸು ಮಾಡಿದವರ ಹೆಸರೂ ಪಣಕ್ಕಿರುವುದರಿಂದ ಈ ಮಾತಿಗೆ ಜಾಹೀರಾತಿಗಿಲ್ಲದ ತೂಕವಿದೆ. ಆದರೆ ಎದುರಿನ ಶೆಡ್‌ನಲ್ಲೂ ಅದೇ ಯಂತ್ರ ಇರುವಾಗ ಮಾತು ಬೇಗ ದರಕ್ಕೇ ಬಂದು ನಿಲ್ಲುತ್ತದೆ. ಗಂಟೆಗೆ ಹತ್ತು ರೂಪಾಯಿ ಕಡಿಮೆ ಹೇಳಿದವರ ಕಡೆಗೆ ಕೆಲಸ ಹೋಗುತ್ತದೆ. ವಹಿವಾಟಿನ ದೊಡ್ಡ ಪಾಲು ಒಬ್ಬರೇ ಪಾರ್ಟಿಯದಾದರೆ ದರ ನಿಗದಿ ಮಾಡುವವರೂ ಅವರೇ ಆಗುತ್ತಾರೆ.

ಇದರಿಂದ ಹೊರಬರಲು ಮೂರು ದಾರಿಗಳಿವೆ. ಒಂದು, ಎಲ್ಲರ ಕೈಗೆ ಎಟುಕದ ಪ್ರಕ್ರಿಯೆ ಹಿಡಿಯುವುದು: ಐದು ಅಕ್ಷದ ಯಂತ್ರ, ಆಳದ ರಂಧ್ರ ಕೊರೆಯುವಿಕೆ, ಮೈಕ್ರಾನ್ ಲೆಕ್ಕದ ಗ್ರೈಂಡಿಂಗ್. ಎರಡು, ಕೆಲಸದ ತುಂಡಿನ ಬದಲು ಇಡೀ ಕೆಲಸ ವಹಿಸಿಕೊಳ್ಳುವುದು: ಮಾಲು ತರುವುದರಿಂದ ಹಿಡಿದು ಪ್ಲೇಟಿಂಗ್, ಜೋಡಣೆ, ಪ್ಯಾಕಿಂಗ್‌ವರೆಗೆ. ಪಾರ್ಟಿಗೆ ಆರು ಕಡೆ ಓಡಾಡುವ ತಾಪತ್ರಯ ತಪ್ಪಿದರೆ ದರದ ಚೌಕಾಸಿ ಸಡಿಲಾಗುತ್ತದೆ. ಮೂರು, ಮಾತಿಗೆ ಕಾಗದದ ಆಧಾರ ಕೊಡುವುದು. ತುಮಕೂರು ರಸ್ತೆಯಲ್ಲೇ 1962ರಿಂದ ಇರುವ ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆಯಂಥ (ಸಿಎಂಟಿಐ) ಕಡೆ ಅಳತೆ ಪರೀಕ್ಷೆ ಮಾಡಿಸಿದ ವರದಿ ಕೊಟೇಶನ್ ಜೊತೆ ಹೋದರೆ ಹೊಸ ಪಾರ್ಟಿಗೆ ಧೈರ್ಯ ಬರುತ್ತದೆ.

ಯಂತ್ರವನ್ನೇ ತಯಾರಿಸುವವರ ಸಮಸ್ಯೆ ಬೇರೆ. ಪೀಣ್ಯದಲ್ಲಿ ತಯಾರಾದ, ಕಂಪ್ಯೂಟರ್ ನಡೆಸುವ ಸಿಎನ್‌ಸಿ ಲೇತ್ ಲುಧಿಯಾನದಲ್ಲೋ ರಾಜ್‌ಕೋಟದಲ್ಲೋ ಕೆಲಸ ಮಾಡುತ್ತಿರುತ್ತದೆ. ಅದು ಕೆಟ್ಟ ದಿನ ಬೆಂಗಳೂರಿನಿಂದ ಎಂಜಿನಿಯರ್ ಬರಲಿ ಎಂದು ಕಾಯಲು ಯಾರೂ ಸಿದ್ಧರಿರುವುದಿಲ್ಲ. ಊರೂರಿಗೆ ಸರ್ವಿಸ್ ಕಚೇರಿ ತೆರೆಯುವುದು ಒಂದು ಕಂಪನಿಗೆ ಹೊರಲಾರದ ಖರ್ಚು. ಏಸ್ ಮೈಕ್ರೊಮ್ಯಾಟಿಕ್ ಸಮೂಹ ಇದಕ್ಕೊಂದು ದಾರಿ ಹುಡುಕಿತು. ಲೇತ್, ಮಶಿನಿಂಗ್ ಸೆಂಟರ್, ಗ್ರೈಂಡಿಂಗ್ ಯಂತ್ರಗಳನ್ನು ಬೇರೆ ಬೇರೆ ಕಂಪನಿಗಳು ತಯಾರಿಸುತ್ತವೆ. ಮಾರಾಟ ಮತ್ತು ಸರ್ವಿಸ್ ಮಾತ್ರ ಮೈಕ್ರೊಮ್ಯಾಟಿಕ್ ಮೆಷಿನ್ ಟೂಲ್ಸ್ ಎಂಬ ಒಂದೇ ಕಂಪನಿಯ ಪಾಲು. ತಯಾರಕರು ಪ್ರತಿಯೊಬ್ಬರೂ ತಮ್ಮ ಒಂದು ಬಗೆಯ ಯಂತ್ರದಲ್ಲಿ ಪಳಗುತ್ತಾರೆ, ಗ್ರಾಹಕರಿಗೆ ಎಲ್ಲ ಯಂತ್ರಕ್ಕೂ ಒಂದೇ ಬಾಗಿಲು ಸಿಗುತ್ತದೆ.

ಮಾದಾವರ: ತಿರುಗುವ ಯಂತ್ರದ ಮುಂದೆ

ನಾಗಸಂದ್ರದಿಂದ ಮುಂದಿನ ಮೆಟ್ರೊ 2024ರ ನವೆಂಬರ್‌ನಿಂದ ಮಾದಾವರದವರೆಗೆ ಓಡುತ್ತಿದೆ. ಅಲ್ಲಿರುವುದು ಬೆಂಗಳೂರು ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರ, ಎಲ್ಲರ ಬಾಯಲ್ಲಿ ಬಿಐಇಸಿ. ಕಟ್ಟಿಸಿದ್ದು 1946ರಲ್ಲಿ ಸ್ಥಾಪನೆಯಾದ ಭಾರತೀಯ ಯಂತ್ರೋಪಕರಣ ತಯಾರಕರ ಸಂಘ. ಈ ಸಂಘದ ಇಮ್ಟೆಕ್ಸ್ ಪ್ರದರ್ಶನ 1969ರಲ್ಲಿ ಮುಂಬೈಯಲ್ಲಿ ಶುರುವಾಗಿ ಈಗ ಇಲ್ಲಿ ನೆಲೆಯೂರಿದೆ. ಪೈಪೋಟಿದಾರರೇ ಸೇರಿ ಸಂತೆಯ ಅಂಗಳ ಕಟ್ಟಿಕೊಂಡಿರುವುದು ಗಮನಿಸಬೇಕಾದ ಸಂಗತಿ. ಕೊಳ್ಳುವವರಿಗೆ ಹೋಲಿಸಿ ನೋಡುವ ಅವಕಾಶ ಇದ್ದಾಗಲೇ ಅವರು ದೂರದಿಂದ ಬರುತ್ತಾರೆ.

ಮಳಿಗೆಯಲ್ಲಿ ಕರಪತ್ರಕ್ಕಿಂತ ಹೆಚ್ಚು ಮಾತಾಡುವುದು ಯಂತ್ರ. ಗಾಜಿನ ಬಾಗಿಲ ಹಿಂದೆ ಕೂಲೆಂಟ್ ಚಿಮ್ಮುತ್ತದೆ, ಉಕ್ಕಿನ ಸುರುಳಿ ಚಿಪ್ಸ್ ಕೆಳಗೆ ಬೀಳುತ್ತದೆ, ಬಾಗಿಲು ಸರಿದು ತಯಾರಾದ ಭಾಗ ಹೊರಬರುತ್ತದೆ. ಮೊದಲು ಕೈ ಚಾಚುವವರು ಪ್ರೊಡಕ್ಷನ್‌ನವರು. ಇನ್ನೂ ಒದ್ದೆಯಾದ ತುಂಡನ್ನು ಅಂಗೈಯಲ್ಲಿಟ್ಟು, ಉಗುರಿನಿಂದ ಮೈ ಸವರಿ, ದೀಪದ ಬೆಳಕಿಗೆ ವಾಲಿಸಿ ನೋಡಿ, ಒಂದು ಪೀಸಿಗೆ ಎಷ್ಟು ಸೆಕೆಂಡ್ ಎಂದು ಕೇಳುತ್ತಾರೆ. ಮೇಂಟೆನೆನ್ಸ್‌ನವರು ತುಂಡನ್ನು ನೋಡುವುದೇ ಇಲ್ಲ; ಯಂತ್ರದ ಹಿಂಬದಿಗೆ ಹೋಗಿ ವಿದ್ಯುತ್ ಕಪಾಟು ತೆರೆಸಿ ಕಂಟ್ರೋಲ್ ಯಾವುದು, ಸ್ಪೇರ್ ಎಲ್ಲಿ ಸಿಗುತ್ತದೆ ಎಂದು ವಿಚಾರಿಸುತ್ತಾರೆ. ಕಂಟ್ರೋಲ್ ಫ್ಯಾನುಕ್‌ನದೋ ಸೀಮೆನ್ಸ್‌ನದೋ ಆಗಿದ್ದರೆ ಅರ್ಧ ಅಂಜಿಕೆ ಅಲ್ಲೇ ಕಳೆಯುತ್ತದೆ. ಹೆಸರಾಂತ ಬಿಡಿಭಾಗದ ನಂಬಿಕೆಯನ್ನು ಹೊಸ ಯಂತ್ರ ಎರವಲು ಪಡೆಯುವ ಬಗೆ ಇದು. ಪರ್ಚೇಸ್‌ನವರು ಡಿಸ್ಕೌಂಟ್ ಕೇಳುತ್ತಾರೆ, ಮಾಲೀಕರು ಬ್ಯಾಂಕ್ ಸಾಲದ ಕಂತು ಕೇಳುತ್ತಾರೆ.

ಒಂದು ಕೊಳ್ಳುವಿಕೆಯ ಹಿಂದೆ ಇಷ್ಟು ಮಂದಿ ಇರುತ್ತಾರೆ ಎಂಬುದನ್ನು ಫ್ರೆಡರಿಕ್ ವೆಬ್‌ಸ್ಟರ್ ಮತ್ತು ಯೋರಾಮ್ ವಿಂಡ್ 1972ರಲ್ಲೇ ಸಿದ್ಧಾಂತವಾಗಿ ಮುಂದಿಟ್ಟಿದ್ದರು. ಬಳಸುವವರು, ಪ್ರಭಾವ ಬೀರುವವರು, ತೀರ್ಮಾನಿಸುವವರು, ಆರ್ಡರ್ ಬರೆಯುವವರು ಒಬ್ಬರೇ ಅಲ್ಲ. ಮಾರುವವರು ಪರ್ಚೇಸ್ ವಿಭಾಗವನ್ನಷ್ಟೇ ಹಿಡಿದು ಕೂತರೆ ದರ ಇಳಿಸುವುದೊಂದೇ ದಾರಿಯಾಗುತ್ತದೆ. ಪ್ರೊಡಕ್ಷನ್‌ನವರಿಗೆ ಸಮಯದ ಲೆಕ್ಕ, ಮೇಂಟೆನೆನ್ಸ್‌ನವರಿಗೆ ಸ್ಪೇರ್ ಪಟ್ಟಿ, ಮಾಲೀಕರಿಗೆ ಒಟ್ಟು ಖರ್ಚಿನ ಲೆಕ್ಕ ಕೊಟ್ಟವರಿಗೆ ದರ ಉಳಿಸಿಕೊಳ್ಳಲು ಅವಕಾಶವಿದೆ.

ಈ ಒಟ್ಟು ಖರ್ಚಿನ ಲೆಕ್ಕ ಸರಳ. ಗಂಟೆಗೆ 800 ರೂಪಾಯಿ ದುಡಿಯುವ ಯಂತ್ರ ವರ್ಷಕ್ಕೆ 100 ಗಂಟೆ ಹೆಚ್ಚಾಗಿ ನಿಂತರೆ 80,000 ರೂಪಾಯಿ ಹೋಯಿತು, ಐದು ವರ್ಷಕ್ಕೆ 4 ಲಕ್ಷ. ಹಾಗಾದರೆ ಮೂರು ಲಕ್ಷ ಹೆಚ್ಚು ಬೆಲೆಯ, ಆದರೆ ಅಷ್ಟು ನಿಲ್ಲದ ಯಂತ್ರವೇ ಅಗ್ಗ. ತೈವಾನ್, ಚೀನಾಗಳ ಯಂತ್ರಗಳು ಕಡಿಮೆ ದರ ಹೇಳುವ ಮಾರುಕಟ್ಟೆಯಲ್ಲಿ ಇಲ್ಲಿನ ತಯಾರಕರ ಕೈಯಲ್ಲಿರುವ ಬಲವಾದ ವಾದ ಇದೇ. ಆದರೆ ಈ ವಾದ ನಿಲ್ಲಬೇಕಾದರೆ ಹಿಂದೆ ಮಾರಿದ ಯಂತ್ರಗಳು ಎಷ್ಟು ಗಂಟೆ ನಿಂತವು ಎಂಬ ದಾಖಲೆ ಕಂಪನಿಯ ಬಳಿ ಇರಬೇಕು.

ಮಳಿಗೆ ಅಗ್ಗದ ಬಾಬತ್ತಲ್ಲ. ಚದರ ಮೀಟರ್ ಲೆಕ್ಕದ ಬಾಡಿಗೆ, ಯಂತ್ರ ಸಾಗಿಸಿ ಇಳಿಸುವ ಕ್ರೇನ್, ವಿದ್ಯುತ್, ಸಿಬ್ಬಂದಿಯ ವಸತಿ ಎಲ್ಲ ಸೇರುತ್ತವೆ. ಸಣ್ಣ ಉದ್ದಿಮೆಗಳಿಗೆ ಮಳಿಗೆ ಬಾಡಿಗೆಯ ಒಂದು ಭಾಗವನ್ನು ಹಿಂದಿರುಗಿಸುವ ಯೋಜನೆ ಕೇಂದ್ರದ ಎಂಎಸ್‌ಎಂಇ ಸಚಿವಾಲಯದಲ್ಲಿದೆ. ಖರ್ಚು ಗಿಟ್ಟುವುದು ಮಾತ್ರ ಪ್ರದರ್ಶನ ಮುಗಿದ ಮೇಲೆ. ಬಂದ ಎನ್‌ಕ್ವೈರಿಗಳನ್ನು ಈಗಲೇ ಬೇಕಾದವರು, ಮುಂದಿನ ವರ್ಷದವರು, ಸುಮ್ಮನೆ ನೋಡಿ ಹೋದವರು ಎಂದು ಬೇರ್ಪಡಿಸಿ, ಮೊದಲ ಗುಂಪಿಗೆ ಆ ವಾರದಲ್ಲೇ ಕೊಟೇಶನ್ ಕಳಿಸದಿದ್ದರೆ ಆರ್ಡರ್ ಪಕ್ಕದ ಮಳಿಗೆಯವರ ಪಾಲಾಗುತ್ತದೆ.

ಹರಿಹರದವರೆಗೆ: ಕಾಯುವ ಗ್ರಾಹಕರ ಕಾಲ

ತುಮಕೂರು ದಾಟಿದ ಮೇಲೆ ವಸಂತನರಸಾಪುರದಲ್ಲಿ ಯಂತ್ರೋಪಕರಣ ತಯಾರಕರಿಗೆಂದೇ ಮೀಸಲಾದ ಪಾರ್ಕ್ ಇದೆ. ಶಿರಾ, ಹಿರಿಯೂರು ಕಳೆದು ಚಿತ್ರದುರ್ಗ ಹತ್ತಿರವಾದಂತೆ ಗುಡ್ಡಗಳ ನೆತ್ತಿಯಲ್ಲಿ ಗಾಳಿಯಂತ್ರಗಳ ಸಾಲು. ಇವುಗಳ ಗೇರ್‌ಬಾಕ್ಸ್, ಬೇರಿಂಗ್, ಎರಕದ ಭಾಗ ತಯಾರಿಸುವವರ ಬೇಡಿಕೆ ಅವರ ಕೈಯಲ್ಲಿಲ್ಲ. ವಿದ್ಯುತ್ ದರ, ಸರ್ಕಾರದ ನೀತಿ, ಬ್ಯಾಂಕ್ ಬಡ್ಡಿ ಅದನ್ನು ತೀರ್ಮಾನಿಸುತ್ತವೆ. ಕೈಗಾರಿಕಾ ಸರಕಿನ ಬೇಡಿಕೆ ಯಾವಾಗಲೂ ಹೀಗೆ ಇನ್ನೊಂದು ಸರಕಿನ ಬೇಡಿಕೆಯಿಂದ ಹುಟ್ಟುವಂಥದು. ಗೇರ್ ಮಾರುವವರು ಗೇರ್ ಕೊಳ್ಳುವವರನ್ನು ನೋಡಿದರೆ ಸಾಲದು, ಅವರ ಗ್ರಾಹಕರ ಮೇಲೂ ಕಣ್ಣಿಡಬೇಕು. ಒಂದೇ ರಂಗವನ್ನು ನೆಚ್ಚಿಕೊಳ್ಳದೆ ಏರಿಳಿತ ಬೇರೆ ಬೇರೆ ಕಾಲಕ್ಕೆ ಬರುವ ಎರಡು ಮೂರು ರಂಗಗಳಲ್ಲಿ ಕಾಲೂರಬೇಕು.

ತುಂಗಭದ್ರೆಯ ದಂಡೆಯ ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಆರಂಭವಾಯಿತು. ಇಲ್ಲಿನ ಲೇತ್‌ಗಳು ಪಾಲಿಟೆಕ್ನಿಕ್‌ಗಳ ವರ್ಕ್‌ಶಾಪ್‌ಗಳಲ್ಲೂ ಸಣ್ಣ ಕಾರ್ಖಾನೆಗಳಲ್ಲೂ ಮನೆಮಾತಾಗಿದ್ದವು. ಅದು ಆಮದಿಗೆ ಲೈಸೆನ್ಸ್, ಉತ್ಪಾದನೆಗೆ ಪರವಾನಗಿ ಬೇಕಿದ್ದ ಕಾಲ. ಕೊಳ್ಳುವವರು ಕಾಯುತ್ತಿದ್ದರು, ಮಾರುವವರಿಗೆ ಹುಡುಕಿಕೊಂಡು ಹೋಗುವ ದರ್ದು ಇರಲಿಲ್ಲ. 1991ರ ಉದಾರೀಕರಣದ ನಂತರ ಸುಂಕ ಇಳಿಯಿತು, ಸಿಎನ್‌ಸಿ ಯಂತ್ರಗಳು ಹೊರಗಿನಿಂದ ಬಂದವು, ಕೈಯಿಂದ ನಡೆಸುವ ಲೇತ್‌ಗಳ ಬೇಡಿಕೆ ಕುಸಿಯಿತು. ಹರಿಹರದ ಕಾರ್ಖಾನೆ ಕೊನೆಗೆ ಬಾಗಿಲು ಹಾಕಿತು. ಬೆಂಗಳೂರಿನ ಎಚ್‌ಎಂಟಿಯೂ ಸೊರಗಿತು. ಎರಡು ಕಡೆಯೂ ಯಂತ್ರ ತಯಾರಿಸುವ ಕೌಶಲಕ್ಕೆ ಕೊರತೆ ಇರಲಿಲ್ಲ. ಆದರೆ ಗ್ರಾಹಕರು ಮುಂದೆ ಏನು ಕೇಳುತ್ತಾರೆ ಎಂಬುದನ್ನು ಹೊತ್ತಿಗೆ ಮುಂಚೆ ತಿಳಿದು ಕಾರ್ಖಾನೆಯೊಳಕ್ಕೆ ಒಯ್ಯುವ ಕೆಲಸವೂ ಮಾರುಕಟ್ಟೆ ವಿಭಾಗದ್ದೇ. ಕಾಯುವ ಗ್ರಾಹಕರಿರುವ ಕಾಲದಲ್ಲಿ ಆ ಅಭ್ಯಾಸ ಬೆಳೆಯುವುದು ಕಷ್ಟ.

ಹುಬ್ಬಳ್ಳಿ: ಪಟ್ಟಿಯೊಳಗಿನ ಹೆಸರು

ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳದ ಕೈಗಾರಿಕಾ ವಸಾಹತುಗಳು ವಾಲ್ವ್‌ಗಳಿಗೆ ಹೆಸರಾದವು. ಮೈಕ್ರೊಫಿನಿಶ್, ಬಿಡಿಕೆ ಹೆಸರುಗಳು ತೈಲ, ಅನಿಲ, ರಸಗೊಬ್ಬರ, ವಿದ್ಯುತ್ ರಂಗದವರಿಗೆ ಪರಿಚಿತ. ಬಿಡಿಕೆಯ ವಾಲ್ವ್ ವಹಿವಾಟನ್ನು ಸ್ಕಾಟ್‌ಲೆಂಡ್ ಮೂಲದ ವಿಯರ್ ಸಮೂಹ ಕೊಂಡುಕೊಂಡಿತ್ತು. ಒಳನಾಡಿನ ಊರೊಂದರ ತಯಾರಕರನ್ನು ಹೊರದೇಶದ ಕಂಪನಿ ಹುಡುಕಿಕೊಂಡು ಬರುವಷ್ಟು ಈ ಸರಕು ಹೆಸರು ಮಾಡಿತ್ತು.

ವಾಲ್ವ್ ಮಾರಾಟದ ಮೊದಲ ಹೆಜ್ಜೆ ಮಾರಾಟವಲ್ಲ, ಅನುಮೋದನೆ. ರಿಫೈನರಿಯವರು ಹೊಸಬರಿಂದ ನೇರವಾಗಿ ಕೊಳ್ಳುವುದಿಲ್ಲ. ಅವರ ಬಳಿ, ಅವರ ಸಲಹಾ ಎಂಜಿನಿಯರ್‌ಗಳ ಬಳಿ ಒಪ್ಪಿತ ತಯಾರಕರ ಪಟ್ಟಿ ಇರುತ್ತದೆ. ಪಟ್ಟಿಯಲ್ಲಿ ಹೆಸರಿಲ್ಲದವರ ಕೊಟೇಶನ್ ಎಷ್ಟೇ ಅಗ್ಗವಾದರೂ ತೆರೆಯುವವರಿಲ್ಲ. ಹೆಸರು ಸೇರಬೇಕಾದರೆ ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್‌ನ ಮಾನೊಗ್ರಾಂ ಪರವಾನಗಿ, ಐಎಸ್‌ಒ ಪ್ರಮಾಣಪತ್ರ, ಹಿಂದೆ ಸರಬರಾಜು ಮಾಡಿದ ಕಡೆಯಿಂದ ವಾಲ್ವ್ ಸರಿಯಾಗಿ ಕೆಲಸ ಮಾಡುತ್ತಿದೆ ಎಂಬ ಪತ್ರ ಎಲ್ಲ ಬೇಕು. ಇದಕ್ಕೆ ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಹಿಡಿಯುತ್ತವೆ. ಮಾರುಕಟ್ಟೆ ವಿಭಾಗದ ಹಣ ಜಾಹೀರಾತಿಗಿಂತ ಹೆಚ್ಚಾಗಿ ಈ ಕಾಗದಗಳಿಗೆ ಖರ್ಚಾಗುತ್ತದೆ. ಒಮ್ಮೆ ಒಳಹೊಕ್ಕ ಮೇಲೆ ಅದೇ ಪಟ್ಟಿ ಹೊಸ ಪೈಪೋಟಿದಾರರನ್ನು ತಡೆಯುವ ಗೋಡೆಯಾಗುತ್ತದೆ.

ಪರೀಕ್ಷೆಯ ಅಂಗಳದಲ್ಲಿ ಈ ನಂಬಿಕೆ ತಯಾರಾಗುವ ಬಗೆ ನೋಡಬಹುದು. ವಾಲ್ವಿನ ಎರಡು ಬಾಯಿಗಳನ್ನೂ ಬಿಗಿಯಾಗಿ ಮುಚ್ಚಿ, ಒಳಗಿನ ಗಾಳಿ ಪೂರ್ತಿ ಹೊರಹೋಗುವಂತೆ ನೀರು ತುಂಬುತ್ತಾರೆ. ಪಂಪ್ ಒತ್ತಡ ಏರಿಸುತ್ತದೆ. ಮೈಯ ಪರೀಕ್ಷೆಗೆ ಅದು ನಿಗದಿತ ಒತ್ತಡದ ಒಂದೂವರೆ ಪಟ್ಟು. ಮುಳ್ಳು ನಿಂತ ಮೇಲೆ ಗಡಿಯಾರ ಶುರು. ಗ್ರಾಹಕರ ಪರವಾಗಿ ಬಂದ ಇನ್‌ಸ್ಪೆಕ್ಟರ್ ಟಾರ್ಚ್ ಹಿಡಿದು ಬೋಲ್ಟ್ ಸಾಲು, ಗ್ಲ್ಯಾಂಡ್, ಜೋಡಣೆಯ ಸಂದುಗಳನ್ನು ಒಂದೊಂದಾಗಿ ನೋಡುತ್ತಾರೆ, ಅನುಮಾನ ಬಂದಲ್ಲಿ ಬೆರಳಿನಿಂದ ಒರೆಸಿ ತೇವ ನೋಡುತ್ತಾರೆ. ಆಮೇಲೆ ಮೈಮೇಲೆ ಅಚ್ಚೊತ್ತಿದ ಹೀಟ್ ನಂಬರ್ ಲೋಹದ ಪ್ರಮಾಣಪತ್ರಕ್ಕೆ ತಾಳೆಯಾಗುತ್ತದೆಯೇ ಎಂದು ಪರಿಶೀಲಿಸಿ ಸಹಿ ಹಾಕುತ್ತಾರೆ. ಹತ್ತು ವರ್ಷದ ನಂತರ ಎಲ್ಲೋ ಒಂದು ಸೋರಿಕೆಯಾದರೂ ಆ ಲೋಹ ಯಾವ ಕುಲುಮೆಯಿಂದ ಬಂತು ಎಂದು ಹಿಂದಕ್ಕೆ ಹುಡುಕಬಹುದು. ಗ್ರಾಹಕರು ಹಣ ಕೊಡುವುದು ವಾಲ್ವಿಗೆ ಎಷ್ಟೋ, ಈ ಕಡತಕ್ಕೂ ಅಷ್ಟೇ.

ಸಾರ್ವಜನಿಕ ಉದ್ದಿಮೆಗಳ ಟೆಂಡರಿನಲ್ಲಿ ತಾಂತ್ರಿಕ ಹಂತ ದಾಟಿದವರ ನಡುವೆ ಕಡಿಮೆ ದರದವರಿಗೇ ಸಾಮಾನ್ಯವಾಗಿ ಆರ್ಡರ್. ಸಣ್ಣ ಉದ್ದಿಮೆಗಳಿಗೆ ಇಲ್ಲಿ ಒಂದಿಷ್ಟು ಆಸರೆಯಿದೆ: 2012ರ ಖರೀದಿ ನೀತಿಯ ಪ್ರಕಾರ ಕೇಂದ್ರದ ಇಲಾಖೆಗಳು, ಉದ್ದಿಮೆಗಳು ವಾರ್ಷಿಕ ಖರೀದಿಯ ಒಂದು ಪಾಲನ್ನು ಅತಿಸಣ್ಣ, ಸಣ್ಣ ಘಟಕಗಳಿಂದ ಪಡೆಯಬೇಕು, ಮೊದಲು 20% ಇದ್ದ ಈ ಪಾಲು ಈಗ 25%. 2016ರಲ್ಲಿ ಬಂದ ಜೆಮ್ ಪೋರ್ಟಲ್ ಸರ್ಕಾರಿ ಗ್ರಾಹಕರನ್ನು ತಲುಪುವ ದಾರಿಯನ್ನು ಹತ್ತಿರ ಮಾಡಿದೆ, ದರದ ಪೈಪೋಟಿಯನ್ನೂ ಹೆಚ್ಚಿಸಿದೆ. ಹೀಗಾಗಿ ಜಾಣ ತಯಾರಕರು ಟೆಂಡರ್ ಹೊರಬೀಳುವ ತನಕ ಕಾಯುವುದಿಲ್ಲ. ವಿನ್ಯಾಸದ ಹಂತದಲ್ಲೇ ಸಲಹಾ ಎಂಜಿನಿಯರ್‌ಗಳಿಗೆ ನಕ್ಷೆ, ಪರೀಕ್ಷಾ ವರದಿ, ಆಯ್ಕೆಯ ಕೋಷ್ಟಕ ಒದಗಿಸಿ ತಮ್ಮ ಸರಕಿನ ಗುಣ ಅವರ ಗಮನದಲ್ಲಿರುವಂತೆ ನೋಡಿಕೊಳ್ಳುತ್ತಾರೆ. ಇಂದಿನ ಎಂಜಿನಿಯರ್‌ಗಳು ಫೋನ್ ಮಾಡುವ ಮೊದಲೇ ಅಂತರ್ಜಾಲದಲ್ಲಿ ಹುಡುಕುವುದರಿಂದ ಇಂಥ ಮಾಹಿತಿ ಅಲ್ಲಿ ಸುಲಭವಾಗಿ ಸಿಗುವಂತಿರಬೇಕು.

ಜರ್ಮನಿಯ ಹರ್ಮನ್ ಸೈಮನ್ ಜನರಿಗೆ ಹೆಸರೇ ಗೊತ್ತಿಲ್ಲದ, ಆದರೆ ತಮ್ಮ ಸಣ್ಣ ರಂಗದಲ್ಲಿ ಲೋಕಕ್ಕೇ ಮುಂದಿರುವ ಕಂಪನಿಗಳನ್ನು 'ಹಿಡನ್ ಚಾಂಪಿಯನ್ಸ್' ಎಂದು ಕರೆದು ಅಧ್ಯಯನ ಮಾಡಿದರು. ಸರಕಿನ ಹರವು ಕಿರಿದು, ಮಾರುಕಟ್ಟೆಯ ಹರವು ಹಿರಿದು ಎಂಬುದು ಅವರು ಕಂಡ ಸಾಮಾನ್ಯ ಲಕ್ಷಣ. ವಾಲ್ವಿನಂಥ ಒಂದೇ ಸರಕಿಗೆ ಅಂಟಿಕೊಂಡು ದೂರದ ಮಾರುಕಟ್ಟೆಗೆ ಹೋದ ಊರಿಗೆ ಈ ಮಾತು ಹೊಂದುತ್ತದೆ.

ಬೆಳಗಾವಿ: ಕಿಲೋ ಲೆಕ್ಕದಿಂದ ಪೀಸಿನ ಲೆಕ್ಕಕ್ಕೆ

ಧಾರವಾಡದಲ್ಲಿ ಟಾಟಾ ಬಸ್ಸು, ಟಾಟಾ ಹಿಟಾಚಿಯ ಅಗೆಯುವ ಯಂತ್ರಗಳ ಕಾರ್ಖಾನೆಗಳಿವೆ. ಕಿತ್ತೂರು ದಾಟಿ ಬೆಳಗಾವಿ ಸೇರಿದರೆ ಉದ್ಯಮಬಾಗದ ಫೌಂಡ್ರಿಗಳು, ಹೈಡ್ರಾಲಿಕ್ ಭಾಗಗಳ ತಯಾರಕರು. ಇಲ್ಲಿನ ಎರಕ ವಾಹನ, ಪಂಪ್, ಟ್ರ್ಯಾಕ್ಟರ್ ತಯಾರಕರಿಗೆ ಹೋಗುತ್ತದೆ. ಗಡಿಯಾಚೆಯ ಕೊಲ್ಹಾಪುರ ಇದೇ ಸರಕಿನ ದೊಡ್ಡ ಕೇಂದ್ರ. ಎರಡು ಊರಿನವರೂ ಪುಣೆಯ ಅದೇ ತಯಾರಕರ ಬಾಗಿಲು ತಟ್ಟುತ್ತಾರೆ.

ಎರಕವನ್ನು ಹಿಂದಿನಿಂದಲೂ ಕಿಲೋ ಲೆಕ್ಕದಲ್ಲಿ ಮಾರುವುದು ರೂಢಿ. ಬೀಡುಕಬ್ಬಿಣ, ಗುಜರಿ ಬೆಲೆ ಏರಿದರೆ ದರ ಪರಿಷ್ಕರಣೆಗೆ ಮಾತುಕತೆ ನಡೆಯುತ್ತದೆ. ಈ ಲೆಕ್ಕದಲ್ಲಿ ಒಂದು ವಿಚಿತ್ರವಿದೆ. ಗೋಡೆ ತೆಳ್ಳಗೆ ಮಾಡಿ ಭಾಗದ ತೂಕ ಇಳಿಸಿದ ಜಾಣ ಫೌಂಡ್ರಿಗೆ ಬಿಲ್ಲೂ ಇಳಿಯುತ್ತದೆ. ಗ್ರಾಹಕರಿಗೆ ಲಾಭ, ಬುದ್ಧಿ ಖರ್ಚು ಮಾಡಿದವರಿಗೆ ನಷ್ಟ. ಇದರಿಂದ ಪಾರಾಗಲು ಫೌಂಡ್ರಿಗಳು ಸಿಎನ್‌ಸಿ ಯಂತ್ರ ಹಾಕಿಕೊಂಡು, ಮಶಿನಿಂಗ್ ಮುಗಿಸಿ, ನೇರ ಜೋಡಣೆಗೆ ಸಿದ್ಧವಾದ ಭಾಗವನ್ನು ಪೀಸಿನ ದರಕ್ಕೆ ಮಾರತೊಡಗುತ್ತವೆ. ಆಗ ಎರಕದಲ್ಲಿ ಅಡಗಿದ ಗಾಳಿಗುಳ್ಳೆ ಗ್ರಾಹಕರ ಶೆಡ್‌ನಲ್ಲಿ ಬಯಲಾಗುವ ಬದಲು ಇಲ್ಲೇ ಸಿಕ್ಕಿಬೀಳುತ್ತದೆ, ರಿಜೆಕ್ಷನ್ ಜಗಳ ತಪ್ಪುತ್ತದೆ. ಇನ್ನೂ ಮುಂದಿನ ಹೆಜ್ಜೆ ವಿನ್ಯಾಸದ ಮೇಜಿಗೆ ಹೋಗುವುದು: ಪ್ಯಾಟರ್ನ್ ಮಾಡುವ ಮೊದಲೇ ಎರಕಕ್ಕೆ ಅನುಕೂಲವಾಗುವಂತೆ ಡ್ರಾಯಿಂಗ್ ತಿದ್ದಲು ಗ್ರಾಹಕರ ಎಂಜಿನಿಯರ್‌ಗಳಿಗೆ ನೆರವಾಗುವುದು. ಹಾಗೆ ಸೇರಿಕೊಂಡ ಫೌಂಡ್ರಿಯನ್ನು ಎರಡು ರೂಪಾಯಿ ವ್ಯತ್ಯಾಸಕ್ಕೆ ಬದಲಿಸುವುದು ಸುಲಭವಲ್ಲ. ವಾಹನ ರಂಗದಲ್ಲಿ ಸ್ಯಾಂಪಲ್ ಒಪ್ಪಿಗೆಯ ವಿಧಿಯನ್ನೆಲ್ಲ ಮತ್ತೆ ಮೊದಲಿಂದ ಮಾಡಬೇಕಾಗುತ್ತದೆ.

ದರದಷ್ಟೇ ಬಲವಾದ ಇನ್ನೊಂದು ಅಸ್ತ್ರ ಸಾಲದ ಅವಧಿ. 90 ದಿನ ಬಿಟ್ಟು ಪೇಮೆಂಟ್ ಎಂದು ಒಪ್ಪಿದವರು ಬಡ್ಡಿಯ ರೂಪದಲ್ಲಿ ಡಿಸ್ಕೌಂಟ್ ಕೊಟ್ಟಂತೆಯೇ. ಅತಿಸಣ್ಣ, ಸಣ್ಣ ಘಟಕಗಳಿಗೆ ಕೊಡಬೇಕಾದ ಹಣವನ್ನು 45 ದಿನ ಮೀರದಂತೆ ಕೊಡಬೇಕು ಎಂದು 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ಆದರೂ ಮುಂದಿನ ಆರ್ಡರಿನ ಭಯದಿಂದ ದೂರು ಕೊಡಲು ಹಿಂಜರಿಯುವವರೇ ಹೆಚ್ಚು. ಆರ್ಡರ್ ಹಿಡಿಯುವಾಗಲೇ ಬಡ್ಡಿಯನ್ನು ದರದಲ್ಲಿ ಸೇರಿಸುವುದು, ಹೊತ್ತಿಗೆ ಹಣ ಕೊಡುವ ಪಾರ್ಟಿಗೆ ಒಳ್ಳೆಯ ದರ ಕೊಡುವುದು ಗ್ರಾಹಕರನ್ನು ಆರಿಸಿಕೊಳ್ಳುವ ತಂತ್ರವೂ ಹೌದು.

ಈ ಊರಿಗೆ ಮಾರುಕಟ್ಟೆಯ ಪಾಠ ಹೊಸದೇನಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಇಲ್ಲಿ ಸೈಕಲ್ ಅಂಗಡಿ ಆರಂಭಿಸಿದರು. ಸೈಕಲ್ ಮಾರಿದರೆ ಸಾಲದೆಂದು ಸವಾರಿಯನ್ನೂ ಕಲಿಸುವ ಏರ್ಪಾಟಿತ್ತು. ಆಮೇಲೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು. ಕಬ್ಬಿಣ ತಗುಲಿದರೆ ಭೂಮಿಗೆ ನಂಜಾಗುತ್ತದೆಂಬ ರೈತರ ಅಳುಕಿನಿಂದ ಮೊದಲ ನೇಗಿಲುಗಳನ್ನು ಮಾರಲು ಎರಡು ವರ್ಷ ಹಿಡಿಯಿತೆಂದು ಸಂಸ್ಥೆಯ ಇತಿಹಾಸ ಹೇಳುತ್ತದೆ. 1910ರಲ್ಲಿ ಔಂಧ್ ಸಂಸ್ಥಾನದಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದ ಮೇಲೆ, 1920ರಲ್ಲಿ 'ಕಿರ್ಲೋಸ್ಕರ್ ಖಬರ್' ಎಂಬ ಪತ್ರಿಕೆ ಹೊರಬಂತು. ಕಾರ್ಖಾನೆಯ ಸರಕಿನ ಸುದ್ದಿ ಹೇಳಲು ಹುಟ್ಟಿದ ಅದು ಮುಂದೆ ಮರಾಠಿಯ ಹೆಸರಾಂತ ಮಾಸಪತ್ರಿಕೆಯಾಗಿ ಬೆಳೆಯಿತು. ಗ್ರಾಹಕರಿಗೆ ಬೇಕಾದ ತಿಳಿವಳಿಕೆ ಕೊಟ್ಟು ಅದರ ಬೆನ್ನಿಗೆ ಸರಕು ಮಾರುವ ದಾರಿ ಈ ಪ್ರದೇಶದಲ್ಲಿ ನೂರು ವರ್ಷ ಹಳೆಯದು.

ಹತ್ತರಗಿ: ಒಂದೇ ಆವರಣ

ಬೆಳಗಾವಿಯಿಂದ ಉತ್ತರಕ್ಕೆ ಹೆದ್ದಾರಿಯ ಬದಿಯ ಹತ್ತರಗಿಯಲ್ಲಿ ಏಕಸ್ ಸಂಸ್ಥೆಯ ವಿಶೇಷ ಆರ್ಥಿಕ ವಲಯವಿದೆ. ವಿಮಾನದ ಬಿಡಿಭಾಗ ಇಲ್ಲಿನ ಮುಖ್ಯ ಸರಕು, ಏರ್‌ಬಸ್ ದೊಡ್ಡ ಗ್ರಾಹಕ. ವಿಮಾನ ರಂಗದಲ್ಲಿ ಒಂದು ಭಾಗಕ್ಕೆ ಫೋರ್ಜಿಂಗ್ ಒಂದು ದೇಶದಲ್ಲಿ, ಮಶಿನಿಂಗ್ ಇನ್ನೊಂದರಲ್ಲಿ, ಮೇಲ್ಮೈ ಸಂಸ್ಕರಣೆ ಮತ್ತೊಂದರಲ್ಲಿ ಆಗುವುದುಂಟು. ಪ್ರತಿ ಸಾಗಣೆಗೂ ವಾರಗಟ್ಟಲೆ ಸಮಯ, ವಿಮೆ, ಹಾಳಾಗುವ ಅಪಾಯ. ಹತ್ತರಗಿಯಲ್ಲಿ ಫ್ರಾನ್ಸ್‌ನ ಓಬರ್ ಎ ಡುವಾಲ್ ಜೊತೆಗೂಡಿ ಫೋರ್ಜಿಂಗ್, ಕೆನಡಾದ ಮ್ಯಾಗೆಲ್ಲನ್ ಜೊತೆಗೂಡಿ ಮೇಲ್ಮೈ ಸಂಸ್ಕರಣೆ, ಅವುಗಳ ಪಕ್ಕದಲ್ಲೇ ಮಶಿನಿಂಗ್ ಇಟ್ಟುಕೊಳ್ಳಲಾಯಿತು. ಗ್ರಾಹಕರಿಗೆ ಮಾರುತ್ತಿರುವುದು ಬಿಡಿಭಾಗಕ್ಕಿಂತ ಹೆಚ್ಚಾಗಿ ಉಳಿದ ದಿನಗಳನ್ನು, ಇಳಿದ ಸಾಗಣೆಯನ್ನು. ತಮ್ಮಲ್ಲಿಲ್ಲದ ಕೌಶಲವನ್ನು ಪಾಲುದಾರಿಕೆಯಿಂದ ತಂದುಕೊಂಡಾಗ ಆ ಪಾಲುದಾರರ ಹೆಸರಿನ ಮೇಲಿನ ನಂಬಿಕೆಯೂ ಜೊತೆಗೆ ಬರುತ್ತದೆ.

ಈ ದಾರಿ ಎಲ್ಲರದೂ ಅಲ್ಲ. ದೊಡ್ಡ ಬಂಡವಾಳ, ವರ್ಷಗಟ್ಟಲೆ ಹಿಡಿಯುವ ಅರ್ಹತಾ ಪರೀಕ್ಷೆ, ದೀರ್ಘ ಕಾಲದ ಒಪ್ಪಂದ ಇದಕ್ಕೆ ಬೇಕು. ನಾಲ್ಕು ಯಂತ್ರದ ಶೆಡ್ ಇಟ್ಟವರಿಗೆ ಬಾಯಿಮಾತು ಮತ್ತು ಒಂದು ಅಪರೂಪದ ಪ್ರಕ್ರಿಯೆಯೇ ಬಂಡವಾಳ. ಯಂತ್ರ ತಯಾರಕರು ಸರ್ವಿಸ್ ಜಾಲವನ್ನು ಮೊದಲು ಕಟ್ಟಬೇಕು. ಅಪಾಯದ ಜಾಗಕ್ಕೆ ಹೋಗುವ ಸರಕಿಗೆ ಅನುಮೋದನೆ ಮತ್ತು ಕಡತ ಮುಖ್ಯ. ಎರಕದಂಥ ಎಲ್ಲರೂ ಮಾಡುವ ಸರಕಿಗೆ ಗ್ರಾಹಕರ ವಿನ್ಯಾಸದೊಳಗೆ ಹೊಗುವುದೇ ದಾರಿ. ತಮ್ಮ ಸರಕು ನಿಂತರೆ ಗ್ರಾಹಕರಿಗೆ ಎಷ್ಟು ನಷ್ಟ ಎಂದು ಮೊದಲು ಲೆಕ್ಕ ಹಾಕಿದ ತಯಾರಕರಿಗೆ ಯಾವ ದಾರಿ ಹಿಡಿಯಬೇಕು, ಅದಕ್ಕೆ ಎಷ್ಟು ಖರ್ಚು ಮಾಡಬಹುದು ಎಂಬ ಎರಡೂ ಆ ಲೆಕ್ಕದಿಂದಲೇ ಸಿಗುತ್ತವೆ.